ನುಡಿಯ ಮನೆಗೆ ಬೀಗದ ಕೈ



ಕಳೆದ ತಿಂಗಳು ಬಹುಕಾಲದ ಪರಿಚಿತರೊಬ್ಬರ ಮನೆಗೆ ಹೋಗುವ ಪ್ರಸಂಗ ಬಂದಿತು. ಆ ಮನೆಯ ಮೊಮ್ಮಗನು ಉದ್ಯೋಗ ನಿಮಿತ್ತ ಇಟಲಿ ದೇಶದಲ್ಲಿ ನೆಲೆಸಿದ್ದಾನೆ. ಆ ದೇಶದ ಉತ್ತರದ ತುದಿಗೆ ಪ್ರವಾಸ ಹೋದಾಗ ತೆಗೆದ ಛಾಯಾಚಿತ್ರಗಳನ್ನು ಅವನು ಕಳುಹಿಸಿದ್ದನು. ಮನೆಮಂದಿಯೆಲ್ಲ ಸುತ್ತ ಕುಳಿತು ಅವುಗಳನ್ನು ನೋಡುತ್ತಿದ್ದರು. ಹಿಮ ಹೊದ್ದ ಪರ್ವತಗಳು, ಸಾಲುಸಾಲಾಗಿ ನಿಂತ ಸೇಬಿನ ತೋಟಗಳು, ಕೊನೆಗೆ ಒಂದು ರೈಲು ನಿಲ್ದಾಣದ ಫಲಕ. ಆ ಫಲಕದ ಮೇಲೆ ಒಂದೇ ಊರಿಗೆ ಎರಡು ಹೆಸರುಗಳಿದ್ದವು: ಒಂದು ಬೋಲ್ಸಾನೊ, ಇನ್ನೊಂದು ಬೋಟ್ಸೆನ್.

ಮನೆಯ ಹಿರಿಯ ತಾಯಿಯವರು ಮೊಮ್ಮಗಳಿಂದ ಆ ಹೆಸರುಗಳನ್ನು ಓದಿಸಿಕೊಂಡು ನನ್ನ ಕಡೆ ತಿರುಗಿ, “ಅಲ್ರೀ ಪಂಡಿತರ, ಒಂದ ಊರಿಗೆ ಎರಡೆರಡು ಹೆಸರ್ಯಾಕ್ರೀ? ಅಲ್ಲಿಯ ಮಂದಿಗೆ ತಮ್ಮೂರ ಹೆಸರ ಗೊತ್ತಿಲ್ಲೇನು?” ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆನು. ಆದರೆ ಆ ಎರಡು ಹೆಸರುಗಳ ಹಿಂದೆ ಒಂದು ನೂರು ವರ್ಷದ ಕಥೆಯಿದೆ. ಎಷ್ಟೋ ತಾಯಂದಿರ ಕಣ್ಣೀರಿದೆ, ಸೆರೆಮನೆಯಿದೆ, ಸಿಡಿಮದ್ದಿದೆ, ಕಟ್ಟಕಡೆಗೆ ಮನುಷ್ಯನ ವಿವೇಕವೂ ಇದೆ. ಚಹಾ ತಣ್ಣಗಾಗುವುದರೊಳಗೆ ಹೇಳಿ ಮುಗಿಸುವ ಕಥೆ ಅದಲ್ಲವಾದ್ದರಿಂದ, “ಪತ್ರಿಕೆಯಲ್ಲಿ ಬರೆಯುತ್ತೇನೆ ತಾಯಿ, ಮೊಮ್ಮಗಳಿಂದ ಓದಿಸಿಕೊಳ್ಳಿರಿ” ಎಂದು ಹೇಳಿ ಬಂದೆನು. ಕೊಟ್ಟ ಮಾತನ್ನು ಈ ತಿಂಗಳು ಸಲ್ಲಿಸುತ್ತಿದ್ದೇನೆ.

ಆಲ್ಪ್ಸ್ ಪರ್ವತಶ್ರೇಣಿಯ ತೆಂಕಣ ಮಗ್ಗುಲಲ್ಲಿ ದಕ್ಷಿಣ ಟಿರೋಲ್ ಎಂಬ ಸೀಮೆಯಿದೆ. ವಿಸ್ತಾರದಲ್ಲಿ ಸುಮಾರು 7,400 ಚದರ ಕಿಲೋಮೀಟರ್. ಜನಸಂಖ್ಯೆ ಐದು ಲಕ್ಷಕ್ಕಿಂತ ತುಸು ಅಧಿಕ. ನಮ್ಮ ಕಡೆಯ ಒಂದು ಜಿಲ್ಲೆಗೆ ಹೋಲಿಸಿದರೆ ಅಲ್ಪವೇ. ಶತಮಾನಗಳ ಕಾಲ ಈ ಸೀಮೆಯು ಆಸ್ಟ್ರಿಯದ ಅರಸೊತ್ತಿಗೆಗೆ ಸೇರಿದ್ದಿತು. ಅಲ್ಲಿಯ ಜನರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಯ ತಾಯ್ನುಡಿ ಜರ್ಮನ್. ಎತ್ತರದ ಕಣಿವೆಗಳಲ್ಲಿ ಲಾದಿನ್ ಎಂಬ ಪ್ರಾಚೀನ ನುಡಿಯನ್ನಾಡುವ ಚಿಕ್ಕ ಸಮುದಾಯವೊಂದಿತ್ತು. ಇಟಾಲಿಯನ್ ಆಡುವವರು ಕೆಲವೇ ಜನ. ಮೊದಲನೆಯ ಮಹಾಯುದ್ಧದಲ್ಲಿ ಆಸ್ಟ್ರಿಯ ಸೋತಿತು. 1919ರ ಸೇಂಟ್ ಜರ್ಮೇನ್ ಒಪ್ಪಂದದ ಪ್ರಕಾರ ಈ ಸೀಮೆಯನ್ನು ಇಟಲಿಗೆ ಕೊಡಲಾಯಿತು. ಅಲ್ಲಿಯ ನಿವಾಸಿಗಳ ಅಭಿಮತವನ್ನು ಯಾರೂ ಕೇಳಲಿಲ್ಲ. ರಾತ್ರಿ ತಮ್ಮ ಮನೆಯಲ್ಲಿ ಮಲಗಿದವರು ಬೆಳಗಾಗುವಾಗ ಪರರ ರಾಜ್ಯದಲ್ಲಿ ಎದ್ದರು. ಮನೆ ಮಾತ್ರ ಇದ್ದಲ್ಲಿಯೇ ಇತ್ತು.

ರಾಜ್ಯ ಬದಲಾಗುವುದು ಲೋಕದಲ್ಲಿ ಹೊಸತಲ್ಲ. ನಿಜವಾದ ಕಷ್ಟ ಆರಂಭವಾದುದು 1922ರಲ್ಲಿ ಮುಸೊಲಿನಿಯ ಫ್ಯಾಸಿಸ್ಟ್ ಪಕ್ಷವು ಇಟಲಿಯಲ್ಲಿ ಅಧಿಕಾರ ಹಿಡಿದ ಮೇಲೆ. ‘ಒಂದು ದೇಶ, ಒಂದು ನುಡಿ’ ಎಂಬುದು ಆ ಪಕ್ಷದ ಹಟ. 1923ರ ಜುಲೈ ತಿಂಗಳಲ್ಲಿ ಎತ್ತೋರೆ ತೊಲೊಮೆಯಿ ಎಂಬ ರಾಷ್ಟ್ರವಾದಿ ಪಂಡಿತನು ಬೋಲ್ಸಾನೊ ನಗರದಲ್ಲಿ 32 ಅಂಶಗಳ ಕಾರ್ಯಕ್ರಮವನ್ನು ಘೋಷಿಸಿದನು. ಊರುಗಳ, ಹೊಳೆಗಳ, ಬೆಟ್ಟಗಳ ಹೆಸರುಗಳೆಲ್ಲ ಇಟಾಲಿಯನ್ ಆಗತಕ್ಕದ್ದು. ಕಚೇರಿ, ನ್ಯಾಯಾಲಯಗಳ ನುಡಿ ಇಟಾಲಿಯನ್ ಆಗತಕ್ಕದ್ದು. ಜರ್ಮನ್ ಅಧಿಕಾರಿಗಳು, ಶಿಕ್ಷಕರು ಸ್ಥಾನ ಬಿಡತಕ್ಕದ್ದು. ಟಿರೋಲ್ ಎಂಬ ಹೆಸರನ್ನೂ ಉಚ್ಚರಿಸಕೂಡದೆಂಬ ಆಜ್ಞೆ ಹೊರಟಿತು. ಅದೇ ವರ್ಷದ ಶಾಲಾ ಕಾನೂನಿನಿಂದ ಮೊದಲನೆಯ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ಜರ್ಮನ್ ಪಾಠವನ್ನು ನಿಲ್ಲಿಸಿದರು. ಗೋರಿಯ ಕಲ್ಲಿನ ಮೇಲೂ ತಾಯ್ನುಡಿಯ ಅಕ್ಷರ ಕೆತ್ತಿಸಕೂಡದೆಂಬ ಕಾಲ ಬಂದಿತು. ಬದುಕಿದ್ದಾಗ ಆಡಿದ ನುಡಿ ಸತ್ತ ಮೇಲೆ ಸಮಾಧಿಗೂ ಇಲ್ಲವಾಯಿತು.

ಇಂಥ ಸಮಯದಲ್ಲಿ ಸಮುದಾಯದ ಕೈಹಿಡಿದವರು ಒಬ್ಬ ಧರ್ಮಗುರುಗಳು. ಮಿಖಾಯೆಲ್ ಗಾಂಪರ್ ಎಂದು ಅವರ ಹೆಸರು. ಪತ್ರಿಕೆಯೊಂದನ್ನೂ ನಡೆಸುತ್ತಿದ್ದರು. ಶಾಲೆಯ ಬಾಗಿಲು ಮುಚ್ಚಿದರೆ ಮನೆಯೇ ಶಾಲೆಯಾಗಲಿ, ಹಿಂದೆ ರೋಮಿನ ಚಕ್ರವರ್ತಿಗಳ ಕಾಲದಲ್ಲಿ ಆದಿ ಕ್ರೈಸ್ತರು ನೆಲಮಾಳಿಗೆಯ ಸಮಾಧಿಗಳಲ್ಲಿ ತಮ್ಮ ಧರ್ಮವನ್ನು ಉಳಿಸಿಕೊಂಡಂತೆ ನಾವು ನಮ್ಮ ನುಡಿಯನ್ನು ಉಳಿಸಿಕೊಳ್ಳೋಣ ಎಂಬುದು ಅವರು 1923ರಲ್ಲಿ ಕೊಟ್ಟ ಕರೆಯ ಸಾರ. ಈ ಕಾರಣದಿಂದಲೇ ಆ ಗುಪ್ತ ಪಾಠಶಾಲೆಗಳಿಗೆ ‘ನೆಲಮಾಳಿಗೆಯ ಶಾಲೆಗಳು’ ಎಂಬ ಅರ್ಥದ ಹೆಸರು ಬಂದಿತು.

ಆ ಶಾಲೆಗಳನ್ನು ನಡೆಸಿದವರು ಬಹುತೇಕ ಎಳೆಯ ವಯಸ್ಸಿನ ಹೆಣ್ಣುಮಕ್ಕಳು. ಹೊಲಿಗೆಯ ತರಬೇತಿ ಎಂಬ ಹೆಸರಿನ ಮರೆಯಲ್ಲಿ ಅವರಿಗೆ ಬೋಧನೆಯ ಕ್ರಮವನ್ನು ಕಲಿಸುತ್ತಿದ್ದರು. ರೈತರ ಅಡುಗೆಮನೆಯಲ್ಲಿ, ಅಟ್ಟದ ಮೇಲೆ, ಹುಲ್ಲಿನ ಕೋಣೆಯಲ್ಲಿ ನಾಲ್ಕಾರು ಮಕ್ಕಳನ್ನು ಕೂಡಿಸಿಕೊಂಡು ವಾರಕ್ಕೆ ಕೆಲವು ತಾಸು ಓದುಬರಹ ಹೇಳುತ್ತಿದ್ದರು. ಗಡಿಯಾಚೆಯಿಂದ ಕದ್ದು ತಂದ ಪುಸ್ತಕಗಳು ಮಕ್ಕಳ ಅಂಗಿಯೊಳಗೆ ಅಡಗಿ ಮನೆಯಿಂದ ಮನೆಗೆ ಸಾಗುತ್ತಿದ್ದವು. ಪೊಲೀಸರು ಬಂದರೆಂದರೆ ಪುಸ್ತಕ ಮಾಯವಾಗಿ ಸೂಜಿದಾರ ಹೊರಬರುತ್ತಿತ್ತು. ಆಂಗೆಲಾ ನಿಕೋಲೆಟ್ಟಿ ಎಂಬ ತರುಣಿ ಇಂಥದೇ ಅಪರಾಧಕ್ಕಾಗಿ ಸೆರೆಮನೆ ಸೇರಿದಳು, ಅಲ್ಲಿಂದ ಬಂದ ಮೇಲೂ ಪೊಲೀಸರ ಕಾಟಕ್ಕೆ ಗುರಿಯಾದಳು, ಕ್ಷಯರೋಗದಿಂದ 1930ರಲ್ಲಿ ತೀರಿಕೊಂಡಳು. ಆಗ ಅವಳಿಗೆ ಇಪ್ಪತ್ತೈದು ವರ್ಷ. ಈ ಶಾಲೆಗಳ ಸಂಘಟಕರಲ್ಲಿ ಒಬ್ಬರಾದ ವಕೀಲ ಯೋಸೆಫ್ ನೋಲ್ಡಿನ್ ಅವರನ್ನು ದೂರದ ಲಿಪಾರಿ ದ್ವೀಪಕ್ಕೆ ಗಡೀಪಾರು ಮಾಡಿದರು. ಅವರು 1929ರಲ್ಲಿ ನಿಧನರಾದರು. ಮಕ್ಕಳಿಗೆ ಅಕ್ಷರ ಕಲಿಸಿದ್ದಕ್ಕೆ ತೆತ್ತ ಬೆಲೆ ಇದು. ಇಂದು ಮಗುವಿನ ಪಾಟೀಚೀಲ ಹೊರುವುದಕ್ಕೇ ಬೇಸರಿಸುವ ನಾವು ಆ ತರುಣಿಯನ್ನು ಒಂದು ಕ್ಷಣ ನೆನೆಯಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. 1935ರಿಂದ ಬೋಲ್ಸಾನೊ ನಗರದಲ್ಲಿ ದೊಡ್ಡ ಕೈಗಾರಿಕಾ ವಲಯವನ್ನು ಸ್ಥಾಪಿಸಿ ಇಟಲಿಯ ಇತರ ಪ್ರಾಂತಗಳಿಂದ ಸಹಸ್ರಾರು ಕಾರ್ಮಿಕರನ್ನು ತಂದು ನೆಲೆಗೊಳಿಸಿದರು. ಆ ಬಡ ಕಾರ್ಮಿಕರದೇನೂ ತಪ್ಪಿರಲಿಲ್ಲ. ಅವರು ಹೊಟ್ಟೆಪಾಡಿಗೆ ಬಂದವರು. ತರುವಾಯ 1939ರಲ್ಲಿ ಹಿಟ್ಲರನೂ ಮುಸೊಲಿನಿಯೂ ಕೂಡಿ ಒಂದು ಕ್ರೂರ ಆಯ್ಕೆಯನ್ನು ಈ ಜನರ ಮುಂದಿಟ್ಟರು: ನುಡಿ ಬೇಕೆನ್ನುವವರು ನೆಲ ಬಿಟ್ಟು ಜರ್ಮನಿಗೆ ಹೋಗಬೇಕು, ನೆಲ ಬೇಕೆನ್ನುವವರು ನುಡಿಯ ಆಸೆ ಬಿಟ್ಟು ಇಲ್ಲಿಯೇ ಇರಬೇಕು. ಆ ವರ್ಷದ ಡಿಸೆಂಬರ್ 31 ಕೊನೆಯ ದಿನ. ನೂರಕ್ಕೆ ಎಂಬತ್ತೈದಕ್ಕೂ ಮಿಕ್ಕಿ ಜನ ಹೋಗುತ್ತೇವೆಂದು ಬರೆದುಕೊಟ್ಟರು. ಸುಮಾರು 75,000 ಮಂದಿ ಹೊರಟುಹೋದರು. ಅಣ್ಣ ಹೋದನು, ತಮ್ಮ ಉಳಿದನು. ಹೋಗುವವರು ಉಳಿದವರನ್ನು ದ್ರೋಹಿಗಳೆಂದರು, ಉಳಿದವರು ಹೋಗುವವರನ್ನು ಹಾಗೆಯೇ ಕರೆದರು. ಹೋಗಬೇಡಿರೆಂದು ಹೇಳಿದ ಗಾಂಪರ್ ಅವರು ತಮ್ಮ ಜನರಿಂದಲೇ ನಿಂದೆಗೆ ಗುರಿಯಾದರು. ಯುದ್ಧ ಕಾಲದಲ್ಲಿ ನಾಜಿಗಳಿಗೆ ಸಿಕ್ಕದಂತೆ ಅವರು ತಲೆಮರೆಸಿಕೊಳ್ಳಬೇಕಾಯಿತು. ಮಹಾಯುದ್ಧವೇ ನಡುವೆ ಬಂದುದರಿಂದ ಆ ವಲಸೆ ಪೂರ್ಣಗೊಳ್ಳಲಿಲ್ಲ. ಹೋದವರಲ್ಲಿ ಕೆಲವರು ಯುದ್ಧಾನಂತರ ಮರಳಿದರು.

ಈಗ ಕಥೆಯ ತಿರುವಿಗೆ ಬರೋಣ. ಓದುಗರು ಇಲ್ಲಿ ತುಸು ನಿಧಾನಿಸಬೇಕೆಂದು ನನ್ನ ವಿನಂತಿ, ಏಕೆಂದರೆ ನಾನು ಹೇಳಬೇಕಾದ ಮುಖ್ಯ ಮಾತು ಇಲ್ಲಿಯೇ ಇದೆ.

1946ರ ಸೆಪ್ಟೆಂಬರ್ 5ರಂದು ಪ್ಯಾರಿಸ್ಸಿನಲ್ಲಿ ಇಟಲಿಯ ಡೆ ಗಾಸ್ಪೆರಿ ಮತ್ತು ಆಸ್ಟ್ರಿಯದ ಕಾರ್ಲ್ ಗ್ರೂಬರ್ ಅವರು ಒಂದು ಕರಾರಿಗೆ ಸಹಿ ಹಾಕಿದರು. ಗಾತ್ರದಲ್ಲಿ ಅದು ಚಿಕ್ಕ ಪತ್ರ, ಅರ್ಥದಲ್ಲಿ ದೊಡ್ಡದು. ಮಾತೃಭಾಷೆಯಲ್ಲಿ ಶಿಕ್ಷಣ, ಕಚೇರಿಗಳಲ್ಲಿ ಎರಡೂ ನುಡಿಗಳಿಗೆ ಸಮಾನ ಮಾನ್ಯತೆ, ಬದಲಾಯಿಸಿದ ಮನೆತನದ ಹೆಸರುಗಳನ್ನು ಮರಳಿ ಪಡೆಯುವ ಹಕ್ಕು, ಸರ್ಕಾರಿ ನೌಕರಿಯಲ್ಲಿ ಯೋಗ್ಯ ಪಾಲು, ಇವುಗಳ ಜೊತೆಗೆ ಆ ಸೀಮೆಗೆ ಸ್ವಾಯತ್ತ ಆಡಳಿತ. 1948ರಲ್ಲಿ ಜಾರಿಗೆ ಬಂದ ಇಟಲಿಯ ಸಂವಿಧಾನವು ತನ್ನ 6ನೆಯ ವಿಧಿಯಲ್ಲಿ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಮಾತು ಕೊಟ್ಟಿತು. ಜರ್ಮನ್ ಶಾಲೆಗಳು ತೆರೆದವು. ಜನ ಸಂತೋಷಪಟ್ಟರು.

ಆದರೆ ಅದೇ ವರ್ಷ ಬಂದ ಸ್ವಾಯತ್ತತೆಯ ಶಾಸನದಲ್ಲಿ ಒಂದು ತೊಡಕಿತ್ತು. ದಕ್ಷಿಣ ಟಿರೋಲ್ ಸೀಮೆಯೊಂದಕ್ಕೇ ಅಧಿಕಾರ ಕೊಡದೆ, ಇಟಾಲಿಯನ್ ಆಡುವ ನೆರೆಯ ತ್ರೆಂತೊ ಪ್ರಾಂತದೊಂದಿಗೆ ಅದನ್ನು ಕೂಡಿಸಿ ಒಂದೇ ಪ್ರದೇಶವನ್ನಾಗಿ ಮಾಡಿ, ಮುಖ್ಯ ಅಧಿಕಾರಗಳನ್ನೆಲ್ಲ ಆ ಪ್ರದೇಶದ ಸಭೆಗೆ ಒಪ್ಪಿಸಿದರು. ಆ ಸಭೆಯಲ್ಲಿ ಜರ್ಮನ್ ನುಡಿಯವರು ಸದಾಕಾಲವೂ ಅಲ್ಪಸಂಖ್ಯಾತರು. ಯಾವ ಮತದಾನದಲ್ಲಿಯೂ ಅವರಿಗೆ ಗೆಲುವಿಲ್ಲ. ವಸತಿ, ಕೃಷಿ, ಉದ್ಯೋಗ ಇವೆಲ್ಲದರ ನಿರ್ಣಯ ಪರರ ಕೈಯಲ್ಲಿ. ಶಾಲೆಯಲ್ಲಿ ಜರ್ಮನ್ ಕಲಿತು ಹೊರಬಂದ ಹುಡುಗನಿಗೆ ಸರ್ಕಾರಿ ಕಚೇರಿಯಲ್ಲಿ ನೌಕರಿಯಿಲ್ಲ, ಸರ್ಕಾರ ಕಟ್ಟಿಸಿದ ಮನೆಗಳಲ್ಲಿ ಅವನ ತಂದೆತಾಯಿಗಳಿಗೆ ಸ್ಥಳವಿಲ್ಲ. ಹೀಗೆಯೇ ಮುಂದುವರಿದರೆ ಇದು ನಮ್ಮ ಜನರ ಮರಣಯಾತ್ರೆಯಾದೀತೆಂದು 1953ರಲ್ಲಿ ಎಚ್ಚರಿಸಿದವರು ಅದೇ ವೃದ್ಧ ಗುರು ಗಾಂಪರ್.

ಬಂಧುಗಳೇ, ಒಬ್ಬರಿಗೆ ವಾಸಕ್ಕೆ ಮನೆ ಕೊಟ್ಟು ಅದರ ಬೀಗದ ಕೈಯನ್ನು ನಮ್ಮ ಸೊಂಟದಲ್ಲಿಯೇ ಇಟ್ಟುಕೊಂಡರೆ ಅದು ಕೊಟ್ಟಂತಾಯಿತೆ? ಅವರು ಬಾಡಿಗೆದಾರರಾದಾರು, ಮನೆಯವರಾಗಲಾರರು. ನುಡಿಯನ್ನಾಡುವ ಹಕ್ಕು ಮನೆಯಿದ್ದಂತೆ. ತನ್ನ ವಿಷಯದಲ್ಲಿ ತಾನೇ ನಿರ್ಣಯಿಸುವ ಹಕ್ಕು ಬೀಗದ ಕೈಯಿದ್ದಂತೆ. ಮೊದಲನೆಯದನ್ನು ಮಾತ್ರ ಪಡೆದವರು ಕೊಟ್ಟವರ ದಯೆಯಲ್ಲಿಯೇ ಬಾಳಬೇಕು. ದಯೆ ದೊಡ್ಡ ಗುಣವೇ ಸರಿ. ಆದರೆ ಹಕ್ಕಿನ ಸ್ಥಾನದಲ್ಲಿ ದಯೆಯನ್ನು ಕುಳ್ಳಿರಿಸಿದರೆ ಕೊಡುವವನಲ್ಲಿ ಅಹಂಕಾರವೂ ಪಡೆಯುವವನಲ್ಲಿ ದೈನ್ಯವೂ ಬೆಳೆಯುತ್ತವೆ.

1957ರಲ್ಲಿ ಬೋಲ್ಸಾನೊ ನಗರದಲ್ಲಿ 5,000 ಹೊಸ ಮನೆಗಳ ಬಡಾವಣೆಯ ಯೋಜನೆಯನ್ನು ಸರ್ಕಾರ ಪ್ರಕಟಿಸಿದಾಗ ಜನರ ತಾಳ್ಮೆ ಕಟ್ಟೆಯೊಡೆಯಿತು. ಆ ನವೆಂಬರ್ 17ರಂದು ಸಿಗ್ಮುಂಡ್ಸ್‌ಕ್ರೋನ್ ಎಂಬ ಹಳೆಯ ಕೋಟೆಯಲ್ಲಿ ಸುಮಾರು 35,000 ಜನ ನೆರೆದರು. ಮಹಾಯುದ್ಧದಲ್ಲಿ ಒಂದು ಕಾಲನ್ನು ಕಳೆದುಕೊಂಡು ಊರುಗೋಲಿನ ಮೇಲೆ ನಡೆಯುತ್ತಿದ್ದ ಸಿಲ್ವಿಯಸ್ ಮಾಗ್ನಾಗೊ ಅವರ ಮುಂದಾಳು. ತ್ರೆಂತೊದಿಂದ ನಮ್ಮನ್ನು ಬಿಡಿಸಿ ನಮ್ಮ ಸೀಮೆಯ ಆಡಳಿತವನ್ನು ನಮಗೆ ಕೊಡಿರೆಂಬುದು ಅಂದಿನ ಬೇಡಿಕೆ. ಕುದಿಯುತ್ತಿದ್ದ ಆ ಜನಸಮೂಹ ಅಂದು ಶಾಂತವಾಗಿಯೇ ಮನೆಗೆ ಮರಳಿತು. ಆಸ್ಟ್ರಿಯದ ವಿದೇಶ ಮಂತ್ರಿ ಬ್ರೂನೊ ಕ್ರೈಸ್ಕಿಯವರು 1960ರಲ್ಲಿ ಈ ಪ್ರಶ್ನೆಯನ್ನು ವಿಶ್ವಸಂಸ್ಥೆಗೆ ಒಯ್ದರು. ಇಬ್ಬರೂ ಕುಳಿತು ಮಾತಾಡಿ ಬಗೆಹರಿಸಿಕೊಳ್ಳಿರೆಂದು ಮಹಾಸಭೆ ಅದೇ ವರ್ಷ ನಿರ್ಣಯ ಮಾಡಿತು.

ಮಾತು ತಡವಾದಲ್ಲಿ ಮದ್ದು ಸಿಡಿಯುತ್ತದೆ. 1961ರ ಜೂನ್ 11 ಮತ್ತು 12ರ ನಡುವಿನ ರಾತ್ರಿ ಕೆಲವು ಉಗ್ರರು ಹತ್ತಾರು ವಿದ್ಯುತ್ ಕಂಬಗಳನ್ನು ಸ್ಫೋಟಿಸಿದರು. ಪ್ರಾಣಹಾನಿ ನಮ್ಮ ಉದ್ದೇಶವಲ್ಲವೆಂದು ಅವರು ಹೇಳಿಕೊಂಡರೂ ಸಿಡಿಯದೆ ಉಳಿದ ಮದ್ದನ್ನು ಮುಟ್ಟಿದ ರಸ್ತೆಯ ಕಾರ್ಮಿಕನೊಬ್ಬನು ಸತ್ತನು. ಬಂಧಿತರ ಮೇಲೆ ಚಿತ್ರಹಿಂಸೆ ನಡೆಯಿತೆಂಬ ದೂರುಗಳು ಬಂದವು. ಮುಂದಿನ ವರ್ಷಗಳಲ್ಲಿ ಇನ್ನೂ ಜೀವಗಳು ಹೋದವು. ಅನ್ಯಾಯ ಎಷ್ಟೇ ದೊಡ್ಡದಿರಲಿ, ಬೆಳಗಿನ ಪಾಳಿಗೆ ಬಂದ ಬಡ ಕೂಲಿಕಾರನ ಪ್ರಾಣವನ್ನು ಅದಕ್ಕೆ ಬೆಲೆಯಾಗಿ ಕೇಳುವ ಅಧಿಕಾರ ಯಾವ ನುಡಿಗೂ ಇಲ್ಲ. ಇದನ್ನು ಸ್ಪಷ್ಟವಾಗಿ ಹೇಳದೆ ಈ ಕಥೆಯನ್ನು ಮುಂದುವರಿಸಲಾಗದು.

ಆದರೂ ವಿವೇಕಿಗಳು ಮಾತುಕತೆಯ ದಾರವನ್ನು ಕೈಬಿಡಲಿಲ್ಲ. 1961ರಲ್ಲಿಯೇ ಹತ್ತೊಂಬತ್ತು ಜನರ ಆಯೋಗ ನೇಮಕವಾಯಿತು. ಹನ್ನೊಂದು ಇಟಾಲಿಯನ್ನರು, ಏಳು ಜರ್ಮನ್ ನುಡಿಯವರು, ಲಾದಿನ್ ಸಮುದಾಯದವರೊಬ್ಬರು. ವರ್ಷಗಳ ವಿಚಾರವಿನಿಮಯದ ಫಲವಾಗಿ 137 ಅಂಶಗಳ ಒಂದು ಯೋಜನೆ ಸಿದ್ಧವಾಯಿತು. 1969ರ ನವೆಂಬರಿನಲ್ಲಿ ಮಾಗ್ನಾಗೊ ಅವರು ಅದನ್ನು ಮೆರಾನ್ ಪಟ್ಟಣದಲ್ಲಿ ತಮ್ಮ ಪಕ್ಷದ ಮಹಾಸಭೆಯ ಮುಂದಿಟ್ಟರು. ಸ್ವಂತ ಪಕ್ಷದಲ್ಲಿಯೇ ಅರ್ಧದಷ್ಟು ಜನ ಇದು ಸಾಲದೆಂದು ಎದುರುನಿಂತಿದ್ದರು. ಕೊನೆಗೆ ನೂರಕ್ಕೆ ಐವತ್ತಮೂರರ ಆಸುಪಾಸಿನ ಮತಗಳಿಂದ ಒಪ್ಪಿಗೆ ದೊರೆಯಿತು. ಪೂರ್ಣ ದೊರೆಯದಿದ್ದರೆ ಏನೂ ಬೇಡವೆಂದು ಹಟ ಹಿಡಿದಿದ್ದರೆ ಇಂದಿನ ನೆಮ್ಮದಿ ಅವರಿಗೆ ದೊರೆಯುತ್ತಿರಲಿಲ್ಲ. ಹೊಸ ಶಾಸನವು 1972ರ ಜನವರಿ 20ರಂದು ಜಾರಿಗೆ ಬಂದಿತು. ಒಂದೊಂದೇ ಅಂಶವನ್ನು ಕಾರ್ಯರೂಪಕ್ಕೆ ತರುವುದಕ್ಕೆ ಇಪ್ಪತ್ತು ವರ್ಷ ಹಿಡಿದು, 1992ರ ಜೂನ್ ತಿಂಗಳಲ್ಲಿ ತಂಟೆ ತೀರಿತೆಂದು ಆಸ್ಟ್ರಿಯವು ವಿಶ್ವಸಂಸ್ಥೆಗೆ ತಿಳಿಸಿತು.

ಈ ವ್ಯವಸ್ಥೆಯ ಸ್ವರೂಪವೇನು? ಗೃಹಸ್ಥರಿಗೆ ತಿಳಿಯುವಂತೆ ನಾಲ್ಕು ಮಾತುಗಳಲ್ಲಿ ಹೇಳುತ್ತೇನೆ.

ಮೊದಲನೆಯದು ಶಾಲೆ. ಜರ್ಮನ್ ಮಕ್ಕಳಿಗೆ ಜರ್ಮನ್ ಶಾಲೆ, ಇಟಾಲಿಯನ್ ಮಕ್ಕಳಿಗೆ ಇಟಾಲಿಯನ್ ಶಾಲೆ. ಕಲಿಸುವವರು ಆಯಾ ನುಡಿಯನ್ನೇ ತಾಯ್ನುಡಿಯಾಗಿ ಉಳ್ಳವರು. ಅದರೊಡನೆ ಇನ್ನೊಂದು ನುಡಿಯನ್ನೂ ಪ್ರತಿಯೊಂದು ಮಗುವೂ ಎಳೆಯ ತರಗತಿಯಿಂದಲೇ ಕಲಿಯತಕ್ಕದ್ದು. ಲಾದಿನ್ ಕಣಿವೆಗಳಲ್ಲಿ ಪಾಠಗಳು ಜರ್ಮನ್ ಮತ್ತು ಇಟಾಲಿಯನ್ ನುಡಿಗಳಲ್ಲಿ ಸಮಸಮವಾಗಿ ನಡೆಯುತ್ತವೆ, ಲಾದಿನ್ ನುಡಿಯನ್ನೂ ಕಲಿಸುತ್ತಾರೆ. ಎರಡನೆಯದು ನೌಕರಿ. ಸರ್ಕಾರಿ ಹುದ್ದೆಗಳು ಮೂರು ಸಮುದಾಯಗಳಿಗೆ ಅವರವರ ಸಂಖ್ಯೆಗೆ ಅನುಸಾರವಾಗಿ ಹಂಚಿಕೆಯಾಗುತ್ತವೆ. ನೌಕರಿ ಬೇಕಾದವನು ಎರಡೂ ನುಡಿಗಳ ಪರೀಕ್ಷೆಯಲ್ಲಿ ಉತ್ತೀರ್ಣನಾಗಬೇಕು. ಆದ್ದರಿಂದ ವೃದ್ಧೆಯೊಬ್ಬಳು ಅಂಚೆ ಕಚೇರಿಗೆ ಹೋದರೆ ತನ್ನ ನುಡಿಯಲ್ಲಿಯೇ ವ್ಯವಹರಿಸಬಲ್ಲಳು.

ಮೂರನೆಯದು ಆಡಳಿತದಲ್ಲಿ ಪಾಲು. ಸೀಮೆಯ ಶಾಸನಸಭೆಯಲ್ಲಿ 35 ಸದಸ್ಯರು. ಲಾದಿನ್ ಸಮುದಾಯಕ್ಕೆ ಒಂದು ಸ್ಥಾನವಾದರೂ ಖಚಿತ. ಮಂತ್ರಿಮಂಡಲದಲ್ಲಿ ನುಡಿಸಮುದಾಯಗಳಿಗೆ ಸಭೆಯಲ್ಲಿರುವ ಪ್ರಮಾಣದಲ್ಲಿಯೇ ಸ್ಥಾನ. ಸಭಾಧ್ಯಕ್ಷನು ಅವಧಿಯ ಪೂರ್ವಾರ್ಧದಲ್ಲಿ ಒಂದು ನುಡಿಯವನಾದರೆ ಉತ್ತರಾರ್ಧದಲ್ಲಿ ಇನ್ನೊಂದು ನುಡಿಯವನು. ಯಾವುದಾದರೂ ಮಸೂದೆ ತನ್ನ ಸಮಾನತೆಗೆ ಕುಂದು ತರುತ್ತದೆಂದು ಒಂದು ಸಮುದಾಯದ ಸದಸ್ಯರಲ್ಲಿ ಹೆಚ್ಚಿನವರಿಗೆ ಅನಿಸಿದರೆ, ಸಮುದಾಯವಾರು ಮತ ತೆಗೆದುಕೊಳ್ಳಿರೆಂದು ಕೇಳುವ ಹಕ್ಕುಂಟು. ಮುಂದೆ ದೇಶದ ಸಂವಿಧಾನ ನ್ಯಾಯಾಲಯಕ್ಕೂ ಹೋಗಬಹುದು. ನಾಲ್ಕನೆಯದು ಹಣ. ಅಲ್ಲಿ ಸಂಗ್ರಹವಾಗುವ ತೆರಿಗೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಆ ಸೀಮೆಗೇ ದೊರೆಯುತ್ತದೆ. ಹಣವಿಲ್ಲದ ಅಧಿಕಾರ ದವಸವಿಲ್ಲದ ಕಣಜದಂತೆಂಬುದನ್ನು ಸಂಸಾರ ನಡೆಸುವ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ.

ಹೀಗೆ ಮನೆಯೂ ದೊರೆಯಿತು, ಬೀಗದ ಕೈಯೂ ದೊರೆಯಿತು. ಸಿಡಿಮದ್ದಿನ ಸದ್ದು ಅಡಗಿತು. ಒಂದು ಕಾಲಕ್ಕೆ ಬಡ ಗುಡ್ಡಗಾಡಾಗಿದ್ದ ಆ ಸೀಮೆ ಇಂದು ಇಟಲಿಯ ಅತ್ಯಂತ ಸಂಪನ್ನ ಪ್ರಾಂತಗಳಲ್ಲಿ ಒಂದು. 2011ರ ಜನಗಣತಿಯಲ್ಲಿ ನೂರಕ್ಕೆ 69 ಮಂದಿ ಜರ್ಮನ್, 26 ಮಂದಿ ಇಟಾಲಿಯನ್, ನಾಲ್ಕೂವರೆಯಷ್ಟು ಮಂದಿ ಲಾದಿನ್ ಸಮುದಾಯಕ್ಕೆ ಸೇರಿದವರೆಂದು ಬರೆಸಿದರು.

ಆದರೆ ಹೊಗಳಿಕೆಯೊಂದನ್ನೇ ಬರೆದರೆ ಸತ್ಯಕ್ಕೆ ಅರೆಬಟ್ಟೆ ಉಡಿಸಿದಂತಾದೀತು. ರಕ್ಷಣೆಗೆಂದು ಕಟ್ಟಿದ ಗೋಡೆ ಕೆಲವೊಮ್ಮೆ ನೆರೆಮನೆಯನ್ನೂ ಮರೆಮಾಡುತ್ತದೆ. ಪ್ರತ್ಯೇಕ ಶಾಲೆಗಳಲ್ಲಿ ಬೆಳೆದ ಮಕ್ಕಳು ಒಂದೇ ಓಣಿಯಲ್ಲಿದ್ದರೂ ಒಬ್ಬರನ್ನೊಬ್ಬರು ಅರಿಯದೆ ಬೆಳೆದರು. ನೌಕರಿಯ ಹಂಚಿಕೆಗಾಗಿ ಪ್ರತಿಯೊಬ್ಬನೂ ತಾನು ಇಂಥ ನುಡಿಯವನೆಂದು ಬರೆದುಕೊಡಬೇಕಾಯಿತು. ತಾಯಿ ಜರ್ಮನ್, ತಂದೆ ಇಟಾಲಿಯನ್ ಆಗಿದ್ದರೆ ಆ ಮಗು ಯಾರನ್ನು ಬಿಡಬೇಕು? ಮೂರರಲ್ಲಿ ಯಾವುದಕ್ಕೂ ಸೇರದವರು ‘ಇತರ’ರೆಂದು ಬರೆಸುವ ಅವಕಾಶ ಮುಂದೆ ಬಂದರೂ, ಹಕ್ಕುಗಳಿಗಾಗಿ ಮೂರರಲ್ಲೊಂದಕ್ಕೆ ತಮ್ಮನ್ನು ಜೋಡಿಸಿಕೊಳ್ಳಲೇಬೇಕು. ಅಲೆಕ್ಸಾಂಡರ್ ಲಾಂಗರ್ ಎಂಬ ಸಾತ್ತ್ವಿಕ ಚಿಂತಕನು ಈ ವಿಂಗಡಣೆಯನ್ನು ಜೀವನವಿಡೀ ವಿರೋಧಿಸಿದನು. ಗೋಡೆಗಳಿಗಿಂತ ಸೇತುವೆಗಳು ಬೇಕೆಂಬುದು ಅವನ ನಿಲುವು. ತನ್ನ ನುಡಿಸಮುದಾಯವನ್ನು ಘೋಷಿಸಲು ಒಪ್ಪದ ಕಾರಣ 1995ರಲ್ಲಿ ಬೋಲ್ಸಾನೊ ನಗರದ ಮೇಯರ್ ಸ್ಥಾನಕ್ಕೆ ನಿಲ್ಲುವ ಅರ್ಹತೆಯೇ ಅವನಿಗೆ ಇಲ್ಲವಾಯಿತು. ಎರಡೂ ನುಡಿಗಳನ್ನು ತನ್ನದೆಂದು ಪ್ರೀತಿಸಿದವನಿಗೆ ಎರಡರ ನಡುವೆ ನಿಲ್ಲಲು ಸ್ಥಳವಿಲ್ಲದಂತಾದುದು ಈ ವ್ಯವಸ್ಥೆಯ ಕೊರತೆ. 1997ರಲ್ಲಿ ಅಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯವು ಜರ್ಮನ್, ಇಟಾಲಿಯನ್, ಇಂಗ್ಲಿಷ್ ಮೂರರಲ್ಲಿಯೂ ಬೋಧಿಸುತ್ತ ಎಳೆಯರನ್ನು ಒಂದೇ ಕೊಠಡಿಯಲ್ಲಿ ಕೂಡಿಸುತ್ತಿರುವುದು ಸಮಾಧಾನದ ಸಂಗತಿ.

ಇನ್ನೊಂದು ಸೂಕ್ಷ್ಮವಿದೆ. ದೇಶದಲ್ಲಿ ಅಲ್ಪಸಂಖ್ಯಾತರಾದ ಜರ್ಮನ್ ನುಡಿಯವರು ತಮ್ಮ ಸೀಮೆಯಲ್ಲಿ ಬಹುಸಂಖ್ಯಾತರು. ಅಲ್ಲಿ ಇಟಾಲಿಯನ್ನರೇ ಅಲ್ಪಸಂಖ್ಯಾತರು. ಇಬ್ಬರ ನಡುವೆ ಲಾದಿನ್ ಜನ ಇನ್ನೂ ಚಿಕ್ಕವರು. ಬೀಗದ ಕೈ ದೊರೆತವನು ಒಳಗಿನ ಕೋಣೆಯವನಿಗೆ ಕದ ಹಾಕಿದರೆ ಹಿಂದಿನವರು ಮಾಡಿದ ಅನ್ಯಾಯವನ್ನೇ ಮುಂದುವರಿಸಿದಂತೆ. ಈ ಕಾರಣಕ್ಕಾಗಿಯೇ ಮೇಲೆ ಹೇಳಿದ ರಕ್ಷಣೆಗಳೆಲ್ಲ ಮೂವರಿಗೂ ಇವೆ.

ಬೋಲ್ಸಾನೊ ನಗರದಲ್ಲಿ ಫ್ಯಾಸಿಸ್ಟರು 1928ರಲ್ಲಿ ಕಟ್ಟಿಸಿದ ವಿಜಯಸ್ಮಾರಕವೊಂದು ಇಂದಿಗೂ ನಿಂತಿದೆ. ನುಡಿಯನ್ನೂ ಕಾನೂನನ್ನೂ ಕಲೆಗಳನ್ನೂ ಕೊಟ್ಟು ಉಳಿದವರನ್ನು ಸಂಸ್ಕರಿಸಿದವರು ನಾವೆಂಬ ಅರ್ಥದ ಲ್ಯಾಟಿನ್ ಬರಹ ಅದರ ಮೇಲಿದೆ. ಎಂಥ ಅವಮಾನದ ಮಾತು! ಅದನ್ನು ಕೆಡವಬೇಕೆಂದು ಒಂದು ಕಡೆಯವರು, ಮುಟ್ಟಕೂಡದೆಂದು ಇನ್ನೊಂದು ಕಡೆಯವರು ದಶಕಗಳ ಕಾಲ ಕಾದಾಡಿದರು. ಕೊನೆಗೆ ಕೆಡವಲೂ ಇಲ್ಲ, ಮೆರೆಸಲೂ ಇಲ್ಲ. 2014ರಲ್ಲಿ ಅದರ ತಳದ ಕೋಣೆಗಳಲ್ಲಿ ಆ ಕಾಲದ ಇತಿಹಾಸವನ್ನು ಇದ್ದದ್ದನ್ನು ಇದ್ದಂತೆ ತಿಳಿಸುವ ಪ್ರದರ್ಶನವನ್ನು ತೆರೆದರು. ದರ್ಪದ ಕಂಬಗಳು ಮೇಲೆ, ಅದರ ನಿಜವಾದ ಕಥೆ ಕೆಳಗೆ. ನೋಡಿದವರು ತಾವೇ ತೀರ್ಮಾನಿಸಲಿ.

ದೂರದ ದೇಶದ ಈ ಕಥೆ ನಮಗೇಕೆಂದು ಯಾರಾದರೂ ಕೇಳಬಹುದು. ನಮ್ಮ ಓದುಗರಲ್ಲಿ ಅನೇಕರ ಬೀಗರು ಬಿಜ್ಜರು ಅಕ್ಕಲಕೋಟೆ, ಜತ್ತ, ಸೊಲ್ಲಾಪುರಗಳ ಕಡೆ ಇದ್ದಾರೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲೆಲ್ಲ ಕನ್ನಡಿಗರು ಅಲ್ಪಸಂಖ್ಯಾತರು. ಅದೇ ರೀತಿ ಬೆಳಗಾವಿಯ ಕಡೆ ಮರಾಠಿ ಮಾತೃಭಾಷೆಯ ಬಂಧುಗಳು ನಮ್ಮಲ್ಲಿ ಅಲ್ಪಸಂಖ್ಯಾತರು. ನಮ್ಮ ಸಂವಿಧಾನದ 29 ಮತ್ತು 30ನೆಯ ವಿಧಿಗಳು ಇಂಥವರಿಗೆ ತಮ್ಮ ನುಡಿ ಸಂಸ್ಕೃತಿಗಳನ್ನು ಉಳಿಸಿಕೊಳ್ಳುವ, ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿವೆ. 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆನ್ನುತ್ತದೆ. 350ಬಿ ವಿಧಿಯು ಇದನ್ನು ನೋಡಿಕೊಳ್ಳಲು ವಿಶೇಷ ಅಧಿಕಾರಿಯನ್ನು ನೇಮಿಸುತ್ತದೆ. ಈಶಾನ್ಯದ ಗುಡ್ಡಗಾಡು ಜನರಿಗೆ ಆರನೆಯ ಅನುಸೂಚಿಯ ಮೂಲಕ ಸ್ವಾಯತ್ತ ಜಿಲ್ಲಾ ಮಂಡಳಿಗಳೂ ದೊರೆತಿವೆ. ಗಡಿನಾಡಿನ ನುಡಿ ಅಲ್ಪಸಂಖ್ಯಾತರಿಗೆ ಶಾಲೆಯ ಹಕ್ಕುಂಟು. ನಿರ್ಣಯದಲ್ಲಿ ಖಚಿತವಾದ ಪಾಲಿಲ್ಲ. ಅಂದರೆ ಮನೆಯುಂಟು, ಬೀಗದ ಕೈ ಬಹುಮಟ್ಟಿಗೆ ಬಹುಸಂಖ್ಯಾತರ ಸೊಂಟದಲ್ಲಿಯೇ ಇದೆ. ಹಾಗಿರುವಾಗ ಬಹುಸಂಖ್ಯಾತರ ಹೊಣೆ ಇಮ್ಮಡಿಯಾಗುತ್ತದೆ.

ಕಾಸರಗೋಡಿನ ಕನ್ನಡ ಮಗುವಿಗೆ ಏನು ಬೇಕೆಂದು ನಾವು ಕೇಳುತ್ತೇವೆಯೋ ಅದನ್ನೇ ನಮ್ಮ ನೆಲದ ಮರಾಠಿ ಮಗುವಿಗೂ, ಕೊಡವ, ತುಳು, ಬ್ಯಾರಿ, ಲಂಬಾಣಿ ನುಡಿಗಳ ಮಕ್ಕಳಿಗೂ ಕೊಡಲು ಸಿದ್ಧರಿದ್ದೇವೆಯೇ? ಅಳೆದು ಕೊಡುವಾಗ ಒಂದು ಸೇರು, ಅಳೆದು ತರುವಾಗ ಇನ್ನೊಂದು ಸೇರು ಇಟ್ಟುಕೊಂಡ ವರ್ತಕನನ್ನು ಯಾರೂ ಪ್ರಾಮಾಣಿಕನೆನ್ನುವುದಿಲ್ಲ. ಕನ್ನಡದ ಅಭಿಮಾನಕ್ಕೆ ಇದರಿಂದ ಕುಂದಿಲ್ಲ. ಆ ಅಭಿಮಾನಕ್ಕೆ ನ್ಯಾಯದ ಬಲ ಬರುವುದು ಇದರಿಂದಲೇ.

ಪ್ರತಿಯೊಂದು ಮನೆಯಲ್ಲಿಯೂ ಮಾಡಬಹುದಾದ ಕೆಲಸಗಳಿವೆ. ನೆರೆಯವರ ನುಡಿಯನ್ನು ಮಕ್ಕಳು ಅಣಕಿಸಿದರೆ ನಕ್ಕು ಸುಮ್ಮನಾಗದೆ ತಿದ್ದಬೇಕು. ಕೆಲಸಕ್ಕೆ ಬಂದ ಲಂಬಾಣಿ ತಾಯಿಯಿಂದ ಅವಳ ನುಡಿಯ ನಾಲ್ಕು ಮಾತು ಕಲಿತರೆ ನಮ್ಮ ಗೌರವ ಕುಗ್ಗದು. ಊರಿನ ಸಂಘ, ಪಂಚಾಯಿತಿ, ಶಾಲೆಯ ಸಮಿತಿಗಳಲ್ಲಿ ಸಂಖ್ಯೆಯಲ್ಲಿ ಚಿಕ್ಕವರಾದವರಿಗೆ ಕುರ್ಚಿ ಹಾಕಿದರೆ ಸಾಲದು, ತೀರ್ಮಾನದ ಹೊತ್ತಿಗೆ ಅವರ ಮಾತನ್ನು ಕೇಳಬೇಕು. ನಾವು ಎಲ್ಲಿಯಾದರೂ ಚಿಕ್ಕವರಾಗಿದ್ದಲ್ಲಿ ಹಕ್ಕನ್ನು ಧೈರ್ಯದಿಂದ ಕೇಳಬೇಕು, ಆದರೆ ಮದ್ದಿನ ಮಾತು ಆಡಬಾರದು.

ಆ ಹಿರಿಯ ತಾಯಿಯವರಿಗೆ ಕೊನೆಯದಾಗಿ ಇಷ್ಟು ಹೇಳುತ್ತೇನೆ. ತಾಯಿ, ಆ ಊರಿನ ಮಂದಿಗೆ ತಮ್ಮೂರ ಹೆಸರು ಚೆನ್ನಾಗಿ ಗೊತ್ತಿದೆ. ತಮ್ಮ ಬಾಯಲ್ಲಿ ಬರುವ ಹೆಸರು ಗೊತ್ತಿದೆ, ನೆರೆಯವನ ಬಾಯಲ್ಲಿ ಬರುವ ಹೆಸರೂ ಗೊತ್ತಿದೆ. ಒಂದನ್ನು ಅಳಿಸಿ ಇನ್ನೊಂದನ್ನು ಬರೆದ ಕಾಲವನ್ನು ಅವರು ನೋಡಿದ್ದಾರೆ. ಆದ್ದರಿಂದಲೇ ಈಗ ಎರಡನ್ನೂ ಒಂದೇ ಫಲಕದ ಮೇಲೆ ಬರೆದುಕೊಂಡು, ಅದರ ಕೆಳಗೆ ನಿಂತು ಒಂದೇ ರೈಲಿಗಾಗಿ ಕಾಯುತ್ತಾರೆ.